ಪಾರ್ಶ್ವವಾಯು ಹೊಡೆದ ಹೊತ್ತಿನಲ್ಲಿ ಮಿದುಳಿಗೆ ಔಷಧವು ಮಾಡುವುದೇನು?

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ತಮ್ಮ ಮುಂದೆ ಇಡಬೇಕೆಂದಿರುವ ವಿಷಯ ಪಾರ್ಶ್ವವಾಯು. ನಮ್ಮ ಊರುಗಳ ಕಡೆ ಇದನ್ನು ಲಕ್ವ ಎನ್ನುತ್ತೇವೆ. ಇಲ್ಲಿ ಚೆನ್ನೈಯಲ್ಲಿ ಪಕ್ಕವಾದಂ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಸ್ಟ್ರೋಕ್ ಎನ್ನುತ್ತಾರೆ. ಹೆಸರು ಮೂರು, ರೋಗ ಒಂದೇ.

ನಾವು ವೈದ್ಯರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಬಲ್ಲವರು ಬರೆದಿರುವುದನ್ನು ಓದಿ, ನಮ್ಮಂಥವರಿಗೆ ಬೇಕಾದಷ್ಟನ್ನು ಆರಿಸಿಕೊಂಡು ಬಂದಿದ್ದೇವೆ. ಈ ವಿಷಯವನ್ನೇ ಏಕೆ ಆರಿಸಿದೆವೆಂದರೆ, ವಾಚನಾಲಯಕ್ಕೆ ಬರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡುಂಟು. ಲಕ್ವ ಹೊಡೆದ ಕೂಡಲೇ ಬಾಯಿಗೆ ಹಾಕಬೇಕಾದ ಮಾತ್ರೆ ಯಾವುದು ಎಂಬುದು ಒಂದು. ಮಿದುಳಿಗೆ ಶಕ್ತಿ ಕೊಡುವ ಔಷಧ ಯಾವುದು ಎಂಬುದು ಇನ್ನೊಂದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಯಲ್ಲಿ ನಾವು ಕೊಡಬಹುದಾದ ಮಾತ್ರೆ ಒಂದೂ ಇಲ್ಲ. ಆಸ್ಪತ್ರೆಯಲ್ಲಿ ಕೊಡುವ, ನಿಜವಾಗಿ ಗುಣ ಕಾಣಿಸುವ ಔಷಧವೊಂದು ಉಂಟು. ಅದನ್ನು ಕೊಡಲು ನಾಲ್ಕೂವರೆ ಗಂಟೆಯ ಗಡುವು ಇದೆ. ಏಕೆ ಹೀಗೆ ಎಂಬುದನ್ನು ತಿಳಿದುಕೊಂಡರೆ ಆ ಗಳಿಗೆಯಲ್ಲಿ ಕೈಕಾಲು ಆಡದೆ ನಿಲ್ಲುವ ಪ್ರಸಂಗ ಬರುವುದಿಲ್ಲ, ತಪ್ಪು ಕೆಲಸ ಮಾಡುವ ಪ್ರಸಂಗವೂ ಬರುವುದಿಲ್ಲ.

ಮಿದುಳಿನ ಜಮಾ ಖರ್ಚು

ದೊಡ್ಡವರ ಮಿದುಳಿನ ತೂಕ ಸುಮಾರು ಒಂದು ಕಿಲೋ ಮುನ್ನೂರು, ನಾನೂರು ಗ್ರಾಂ. ಮೈತೂಕದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದ ಐದರಲ್ಲೊಂದು ಪಾಲನ್ನು ಅದೊಂದೇ ಖರ್ಚು ಮಾಡುತ್ತದೆ. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರು ರಕ್ತ ಅದಕ್ಕೆ ಬೇಕು. ದಿನಕ್ಕೆ ನೂರು ಗ್ರಾಮಿಗೂ ಮೇಲ್ಪಟ್ಟು ಗ್ಲೂಕೋಸ್ ಬೇಕು.

ಇಷ್ಟು ಖರ್ಚಿನ ಮನೆಯಲ್ಲಿ ದಾಸ್ತಾನು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಯಕೃತ್ತಿನಲ್ಲಿ, ಮಾಂಸಖಂಡಗಳಲ್ಲಿ ಸಕ್ಕರೆಯ ಉಳಿತಾಯ ಉಂಟು. ಮಿದುಳು ಅಂದಂದಿನ ಕೂಲಿಯಲ್ಲಿ ಅಂದಂದೇ ಉಣ್ಣುವ ಸಂಸಾರ. ರಕ್ತದ ಹರಿವು ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಸುಮಾರಿಗೆ ಪ್ರಜ್ಞೆ ತಪ್ಪುತ್ತದೆ.

ಈ ಲೆಕ್ಕವನ್ನು ಜೀವಂತ ಮನುಷ್ಯನಲ್ಲಿ ಮೊದಲು ಸರಿಯಾಗಿ ಅಳೆದವರು ಅಮೆರಿಕದ ಫಿಲಡೆಲ್ಫಿಯದ ಸೀಮೋರ್ ಕೆಟಿ ಮತ್ತು ಕಾರ್ಲ್ ಷ್ಮಿಟ್. ೧೯೪೫ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ಹಲ್ಲು ಕೀಳುವಾಗ ಮೂಸಿಸುತ್ತಿದ್ದ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಸ್ವಲ್ಪ ಪ್ರಮಾಣದಲ್ಲಿ ಉಸಿರಾಡಿಸಿ, ಮಿದುಳಿಗೆ ಹೋಗುವ ರಕ್ತದಲ್ಲಿ ಅದು ಎಷ್ಟಿದೆ, ಕತ್ತಿನ ಅಭಿಧಮನಿಯಿಂದ ಹಿಂದಿರುಗುವ ರಕ್ತದಲ್ಲಿ ಎಷ್ಟಿದೆ ಎಂದು ಮತ್ತೆ ಮತ್ತೆ ಪರೀಕ್ಷಿಸಿದರು. ಒಳಬಂದ ಸರಕಿನ ಪುಸ್ತಕವನ್ನೂ ಹೊರಹೋದ ಸರಕಿನ ಪುಸ್ತಕವನ್ನೂ ತಾಳೆ ನೋಡಿದರೆ ಗೋದಾಮಿನ ವ್ಯವಹಾರ ತಿಳಿಯುತ್ತದೆಯಲ್ಲವೆ? ಅದೇ ಯುಕ್ತಿ. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು ೫೪ ಮಿಲಿಲೀಟರು ರಕ್ತ ಬರುತ್ತದೆ, ಅದರಿಂದ ೩.೩ ಮಿಲಿಲೀಟರು ಆಮ್ಲಜನಕವನ್ನು ಮಿದುಳು ತೆಗೆದುಕೊಳ್ಳುತ್ತದೆ ಎಂದು ಗೊತ್ತಾಯಿತು.

ಗುಮಾಸ್ತರಿಗೆ ಸ್ವಾರಸ್ಯವೆನಿಸುವ ಒಂದು ಮಾತು. ೧೯೫೫ರಲ್ಲಿ ಕೆಟಿಯವರ ಜೊತೆಗಾರರು ಜನರನ್ನು ಮಲಗಿಸಿ ಬಾಯಿಲೆಕ್ಕ ಮಾಡಿಸಿ ಅಳೆದರು. ಲೆಕ್ಕ ಮಾಡುವಾಗಲೂ ಇಡೀ ಮಿದುಳಿನ ಆಮ್ಲಜನಕದ ಖರ್ಚು ಹೆಚ್ಚಲಿಲ್ಲ! ಸುಮ್ಮನೆ ಮಲಗಿದವನ ಮಿದುಳೂ ಪೂರ್ತಿ ಕೂಲಿ ಕೇಳುತ್ತದೆ ಎಂದಾಯಿತು. ಲಕ್ವ ಹೊಡೆದವರನ್ನು ಮಲಗಿಸಿ, ನಿದ್ರೆ ಮಾಡಲಿ, ಬೆಳಿಗ್ಗೆ ನೋಡೋಣ ಎನ್ನುವುದು ಏಕೆ ತಪ್ಪೆಂಬುದಕ್ಕೆ ಇದೇ ಸಾಕ್ಷಿ. ನಿದ್ರೆಯಿಂದ ಮಿದುಳಿನ ಹಸಿವು ಅಡಗುವುದಿಲ್ಲ.

ಬಾಡಿದ ಪೈರು, ಒಣಗಿದ ಪೈರು

ಪಾರ್ಶ್ವವಾಯು ಎರಡು ಬಗೆಯಾಗಿ ಬರುತ್ತದೆ. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡು ಹರಿವು ನಿಲ್ಲುವುದು ಒಂದು ಬಗೆ. ಹತ್ತು ಜನರಲ್ಲಿ ಏಳೆಂಟು ಜನರಿಗೆ ಆಗುವುದು ಇದು. ನಾಳವೇ ಒಡೆದು ರಕ್ತ ಸೋರುವುದು ಇನ್ನೊಂದು. ಹೊರಗೆ ಕಾಣುವ ಲಕ್ಷಣ ಎರಡರಲ್ಲೂ ಒಂದೇ. ಬಾಯಿ ಓರೆಯಾಗುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು. ನೋಡಿದ ಮಾತ್ರಕ್ಕೆ ಇದು ಹೆಪ್ಪೋ ಸೋರಿಕೆಯೋ ಎಂದು ಹೇಳಲು ಅನುಭವಿಗಳಾದ ವೈದ್ಯರಿಗೂ ಆಗುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದೇ ಮುಖ್ಯವಾಗುತ್ತದೆ.

ಹೆಪ್ಪು ಸಿಕ್ಕಿಕೊಂಡಾಗ ಒಳಗೆ ಆಗುವುದೇನು? ನಮ್ಮಲ್ಲಿ ಮಂಡ್ಯದ ಕಡೆಯವರೂ ತುಂಗಭದ್ರೆಯ ಕಡೆಯವರೂ ಇದ್ದಾರೆ. ಕಾಲುವೆಯ ತೂಬಿನಲ್ಲಿ ಮರದ ದಿಮ್ಮಿ ಸಿಕ್ಕಿಕೊಂಡಿತೆನ್ನಿ. ತೂಬಿಗೆ ನೇರ ಸೇರಿದ ಗದ್ದೆಗೆ ನೀರು ಪೂರ್ತಿ ನಿಲ್ಲುತ್ತದೆ. ಅಂಚಿನ ಗದ್ದೆಗಳಿಗೆ ಪಕ್ಕದ ಕಾಲುವೆಯಿಂದ ಒಂದಿಷ್ಟು ಬಸಿದು ಬರುತ್ತದೆ. ಅಲ್ಲಿನ ಪೈರು ಬಾಡುತ್ತದೆ, ಆದರೆ ಒಡನೆ ಒಣಗುವುದಿಲ್ಲ. ನೀರು ಬಿಟ್ಟರೆ ತಲೆ ಎತ್ತುತ್ತದೆ. ತಡವಾದರೆ ಅದೂ ಒಣಗುತ್ತದೆ.

ಮಿದುಳಿನಲ್ಲಿಯೂ ಹೀಗೆಯೇ ಎಂದು ತೋರಿಸಿಕೊಟ್ಟವರು ಲಂಡನ್ನಿನ ಲಿಂಡ್ಸೆ ಸೈಮನ್, ಅವರೊಡನೆ ದುಡಿದ ಡೆನ್ಮಾರ್ಕಿನ ಯೆನ್ಸ್ ಆಸ್ಟ್ರೂಪ್ ಮತ್ತಿತರರು. ೧೯೭೦ರ ದಶಕದಲ್ಲಿ ಬಬೂನ್ ಎಂಬ ಕೋತಿಗಳಲ್ಲಿ ಹರಿವನ್ನು ಮೆಲ್ಲಮೆಲ್ಲನೆ ತಗ್ಗಿಸಿ ನೋಡಿದರು. ನೂರು ಗ್ರಾಮಿಗೆ ೫೦ರಷ್ಟಿದ್ದ ಹರಿವು ೨೦ಕ್ಕಿಂತ ಕೆಳಗಿಳಿದಾಗ ಆ ಭಾಗದ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ. ಕೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ. ಆದರೆ ಅವು ಇನ್ನೂ ಸತ್ತಿರುವುದಿಲ್ಲ. ೧೦ರ ಸುಮಾರಿಗೆ ಇಳಿದಾಗ ಸಾಯತೊಡಗುತ್ತವೆ. ಈ ಎರಡು ಮೆಟ್ಟಿಲುಗಳ ನಡುವೆ ಇರುವ ಭಾಗಕ್ಕೆ ೧೯೮೧ರಲ್ಲಿ ಬಂದ ಪ್ರಬಂಧದಲ್ಲಿ ಗ್ರಹಣದ ಅರೆನೆರಳಿನ ಹೆಸರನ್ನೇ ಇಟ್ಟರು. ಪೂರ್ಣ ಕತ್ತಲೆಯಲ್ಲ, ಪೂರ್ಣ ಬೆಳಕೂ ಅಲ್ಲ.

ಪಾರ್ಶ್ವವಾಯುವಿನ ಚಿಕಿತ್ಸೆಯೆಲ್ಲ ಈ ಅರೆನೆರಳಿನ ಭಾಗವನ್ನು ಉಳಿಸುವುದಕ್ಕಾಗಿಯೇ. ದೊಡ್ಡ ನಾಳವೊಂದು ಮುಚ್ಚಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು ೧೯ ಲಕ್ಷ ನರಕೋಶಗಳು ಸಾಯುತ್ತವೆಂದು ಅಮೆರಿಕದ ವೈದ್ಯ ಜೆಫ್ರಿ ಸೇವರ್ ೨೦೦೬ರಲ್ಲಿ ಲೆಕ್ಕ ಹಾಕಿದರು. ಕಾಫಿ ಕುಡಿದು ಹೊರಡೋಣ ಎನ್ನುವಷ್ಟರಲ್ಲಿ ಆಗುವ ನಷ್ಟ ಇಷ್ಟು.

ನಾಳ ಹಿಗ್ಗಿಸುವ ಔಷಧಗಳು

ರಕ್ತ ಸಾಲದಾಗಿದೆ, ನಾಳಗಳನ್ನು ಹಿಗ್ಗಿಸುವ ಔಷಧ ಕೊಟ್ಟರಾಯಿತು ಎಂದು ಯಾರಿಗಾದರೂ ತೋಚುತ್ತದೆ. ೧೯೫೦, ೬೦ರ ದಶಕಗಳಲ್ಲಿ ವೈದ್ಯರಿಗೂ ಹಾಗೆಯೇ ತೋಚಿತು. ಪಪಾವೆರಿನ್ ಚುಚ್ಚಿದರು. ನಿಕೋಟಿನಿಕ್ ಆಮ್ಲ ಕೊಟ್ಟರು. ಮುಖ ಕೆಂಪೇರಿತು, ಅಳೆದು ನೋಡಿದರೆ ಮಿದುಳಿನ ರಕ್ತ ಹೆಚ್ಚಿರಲಿಲ್ಲ. ಇಂಗಾಲದ ಡೈ ಆಕ್ಸೈಡ್ ಬೆರೆಸಿದ ಗಾಳಿಯನ್ನು ಉಸಿರಾಡಿಸಿದರು. ಈ ಅನಿಲದಿಂದ ಆರೋಗ್ಯವಂತರ ಮಿದುಳಿನ ರಕ್ತ ನಿಜವಾಗಿಯೂ ಬಹಳ ಹೆಚ್ಚುತ್ತದೆಂದು ಕೆಟಿಯವರೇ ತೋರಿಸಿದ್ದರು. ಆದರೂ ರೋಗಿಗಳಿಗೆ ಗುಣವಾಗಲಿಲ್ಲ.

ಏಕೆಂಬುದು ಆಮೇಲೆ ತಿಳಿಯಿತು. ಕೋಪನ್‌ಹೇಗನ್ನಿನ ನೀಲ್ಸ್ ಲಾಸೆನ್ ಮೊದಲಾದವರು ವಿಕಿರಣ ಸೂಸುವ ಅನಿಲಗಳನ್ನು ಬಳಸಿ ಮಿದುಳಿನ ಒಂದೊಂದು ಭಾಗದ ಹರಿವನ್ನು ಬೇರೆ ಬೇರೆಯಾಗಿ ಅಳೆದರು. ರಕ್ತ ಸಾಲದ ಭಾಗದಲ್ಲಿ ನಾಳಗಳು ತಾವಾಗಿಯೇ ಆಗಲೇ ಸಾಧ್ಯವಿದ್ದಷ್ಟೂ ಹಿಗ್ಗಿರುತ್ತವೆ. ಔಷಧ ಕೊಟ್ಟರೆ ಹಿಗ್ಗುವುದು ಆರೋಗ್ಯವಾಗಿರುವ ಭಾಗದ ನಾಳಗಳು. ಮೇಲಿನ ಗದ್ದೆಯವರ ತೂಬುಗಳನ್ನೆಲ್ಲ ಅಗಲ ಮಾಡಿದರೆ ಕಾಲುವೆಯ ಕೊನೆಯವನಿಗೆ ಬರುತ್ತಿದ್ದ ಅಷ್ಟಿಷ್ಟು ನೀರೂ ತಪ್ಪುತ್ತದೆ. ಅಂಥ ಕಳವು ಮಿದುಳಿನಲ್ಲಿಯೂ ನಡೆಯಬಹುದು. ಇಡೀ ಮಿದುಳಿನ ಹರಿವು ಹೆಚ್ಚಿತೆಂದು ಕಾಗದದ ಮೇಲೆ ಲೆಕ್ಕ ಚೆನ್ನಾಗಿ ಕಂಡೀತು. ಬೇಕಾದವನಿಗೆ ಮಾತ್ರ ಮುಟ್ಟುವುದಿಲ್ಲ.

ಒತ್ತಡ ಇಳಿಸುವ ಮಾತ್ರೆ

ಇನ್ನು ನಮ್ಮ ನೆರೆಹೊರೆಯಲ್ಲಿ ಹೆಚ್ಚಾಗಿ ನಡೆಯುವ ತಪ್ಪಿಗೆ ಬರುತ್ತೇವೆ. ಲಕ್ವ ಹೊಡೆದ ದಿನ ರಕ್ತದ ಒತ್ತಡ ನೋಡಿದರೆ ಬಹಳ ಮಂದಿಗೆ ಏರಿರುತ್ತದೆ. ಅದನ್ನು ಕಂಡು ಗಾಬರಿಯಾಗಿ ಮನೆಯಲ್ಲಿದ್ದ ಒತ್ತಡದ ಮಾತ್ರೆಯನ್ನು ಎರಡೆರಡು ನುಂಗಿಸುವುದುಂಟು. ನಿಫೆಡಿಪಿನ್ ಎಂಬ ಔಷಧವನ್ನು ನಾಲಗೆಯ ಕೆಳಗೆ ಹಾಕುವ ರೂಢಿ ಎಲ್ಲ ದೇಶಗಳಲ್ಲಿಯೂ ಇತ್ತು. ಅದರಿಂದ ಒತ್ತಡ ಸರ್ರನೆ ಇಳಿದು ಕೆಲವರಿಗೆ ಪಾರ್ಶ್ವವಾಯುವೂ ಹೃದಯಾಘಾತವೂ ಆದದ್ದು ಕಂಡುಬಂದು, ಆ ಪದ್ಧತಿಯನ್ನು ನಿಲ್ಲಿಸಬೇಕೆಂದು ೧೯೯೬ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ತಜ್ಞರು ಬರೆದರು.

ಇದರ ಕಾರಣ ಹೀಗಿದೆ. ಆರೋಗ್ಯವಾಗಿದ್ದಾಗ ಒತ್ತಡ ಏರಲಿ, ಇಳಿಯಲಿ, ಮಿದುಳಿನ ನಾಳಗಳು ತಮ್ಮ ಅಳತೆಯನ್ನು ತಾವೇ ಸರಿಪಡಿಸಿಕೊಂಡು ಹರಿವನ್ನು ಒಂದೇ ಸಮನಾಗಿ ಇಡುತ್ತವೆ. ಲಕ್ವ ಹೊಡೆದ ಭಾಗದಲ್ಲಿ ಆ ಶಕ್ತಿ ಹೋಗಿರುತ್ತದೆ. ಅಲ್ಲಿ ಒತ್ತಡವಿದ್ದಷ್ಟು ಹರಿವು. ಚೆನ್ನೈಯಲ್ಲಿ ಬಾಡಿಗೆ ಮನೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀದಿಯ ಕೊಳಾಯಿಯಲ್ಲಿ ಒತ್ತಡ ತಗ್ಗಿದರೆ ಮೊದಲು ನೀರು ನಿಲ್ಲುವುದು ಕೊನೆಯ ಮನೆಗೆ. ಅರೆನೆರಳಿನ ಭಾಗವೇ ಆ ಕೊನೆಯ ಮನೆ. ಏರಿದ ಒತ್ತಡವೇ ಅದಕ್ಕೆ ಒಂದಿಷ್ಟು ರಕ್ತ ದೂಡುತ್ತಿರುತ್ತದೆ. ಆದ್ದರಿಂದ ಹೆಪ್ಪಿನ ಪಾರ್ಶ್ವವಾಯುವಿನಲ್ಲಿ, ಹೆಪ್ಪು ಕರಗಿಸುವ ಔಷಧ ಕೊಡದೆ ಇದ್ದರೆ, ಒತ್ತಡ ೨೨೦/೧೨೦ನ್ನು ಮೀರಿದ ಹೊರತು ವೈದ್ಯರು ಸಾಮಾನ್ಯವಾಗಿ ಅದನ್ನು ಇಳಿಸಲು ಹೋಗುವುದಿಲ್ಲ. ಆ ಔಷಧ ಕೊಡಬೇಕಾದರೆ ಮಾತ್ರ ೧೮೫/೧೧೦ಕ್ಕಿಂತ ಕೆಳಗೆ ತರುತ್ತಾರೆ.

ನಾಳ ಒಡೆದು ರಕ್ತ ಸೋರುತ್ತಿದ್ದರೆ ನ್ಯಾಯ ಬೇರೆ. ಆಗ ಒತ್ತಡವನ್ನು ಬೇಗ ಇಳಿಸುವುದೇ ಒಳ್ಳೆಯದು. ೨೦೨೪ರಲ್ಲಿ ಪ್ರಕಟವಾದ ಚೀನಾ ದೇಶದ ಪರೀಕ್ಷೆಯೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಸುಮಾರು ೨,೪೦೦ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಆಂಬುಲೆನ್ಸಿನಲ್ಲಿಯೇ ಒತ್ತಡ ಇಳಿಸುವ ಔಷಧ ಕೊಟ್ಟರು. ಒಟ್ಟು ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಿಡಿಸಿ ನೋಡಿದಾಗ, ರಕ್ತ ಸೋರಿದವರಿಗೆ ಒಳ್ಳೆಯದಾಗಿತ್ತು, ಹೆಪ್ಪಿನವರಿಗೆ ಕೆಟ್ಟದ್ದಾಗಿತ್ತು. ಒಂದೇ ಔಷಧ ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ವಿಷ. ಯಾರಿಗೆ ಯಾವುದು ಎಂಬುದು ಮನೆಯಲ್ಲಿ ತಿಳಿಯುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಕೇಳಿ ಯಾರೂ ದಿನನಿತ್ಯದ ಒತ್ತಡದ ಮಾತ್ರೆಯನ್ನು ಬಿಡಬಾರದು. ಪ್ರತಿದಿನ ಮಾತ್ರೆ ತೆಗೆದುಕೊಂಡು ಒತ್ತಡವನ್ನು ಹದದಲ್ಲಿ ಇಟ್ಟುಕೊಳ್ಳುವುದೇ ಪಾರ್ಶ್ವವಾಯು ಬಾರದಂತೆ ತಡೆಯುವ ದೊಡ್ಡ ಉಪಾಯ. ನಾವು ಬೇಡವೆನ್ನುತ್ತಿರುವುದು ಲಕ್ವ ಹೊಡೆದ ಆ ಗಳಿಗೆಯಲ್ಲಿ ನಮ್ಮ ಕೈಯಾರೆ ಕೊಡುವ ಹೆಚ್ಚಿನ ಮಾತ್ರೆಯನ್ನು.

ಗ್ಲೂಕೋಸ್ ನೀರು, ಆಸ್ಪಿರಿನ್

ಸುಸ್ತಾದವನಿಗೆ ಗ್ಲೂಕೋಸ್ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಮಿದುಳಿಗೆ ಬೇಕಾದ ಆಹಾರವೇ ಗ್ಲೂಕೋಸ್ ಅಲ್ಲವೆ, ಕೊಟ್ಟರೆ ತಪ್ಪೇನು? ಸೌದೆ ಹೇರಳವಾಗಿದ್ದು ಗಾಳಿಯಿಲ್ಲದಿದ್ದರೆ ಒಲೆ ಹೊಗೆಯಾಡುತ್ತದೆ. ಆಮ್ಲಜನಕವಿಲ್ಲದ ಮಿದುಳಿನಲ್ಲಿ ಗ್ಲೂಕೋಸ್ ಅರೆಬರೆ ಉರಿದು ಲ್ಯಾಕ್ಟಿಕ್ ಆಮ್ಲವಾಗಿ ನಿಲ್ಲುತ್ತದೆ. ೧೯೭೭ರಲ್ಲಿ ಮೈಯರ್ಸ್ ಮತ್ತು ಯಮಗುಚಿ ಎಂಬವರು ಕೋತಿಗಳಲ್ಲಿ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿದಾಗ, ಮುಂಚೆ ಗ್ಲೂಕೋಸ್ ಕೊಟ್ಟಿದ್ದ ಕೋತಿಗಳ ಮಿದುಳಿಗೇ ಹೆಚ್ಚು ಹಾನಿಯಾಗಿತ್ತು. ಆದ್ದರಿಂದ ಸಕ್ಕರೆ ಕಡಿಮೆಯಾಗಿದೆ ಎಂದು ಪರೀಕ್ಷೆಯಲ್ಲಿ ಕಂಡ ಹೊರತು ಗ್ಲೂಕೋಸ್ ಬಾಟಲಿ ಏರಿಸುವುದಿಲ್ಲ. ಸಿಹಿಮೂತ್ರದ ಔಷಧ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ತೀರ ಇಳಿದಾಗಲೂ ಲಕ್ವದಂತೆಯೇ ಕಾಣುವುದುಂಟು. ಅದಕ್ಕೇ ಆಸ್ಪತ್ರೆಯಲ್ಲಿ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ.

ಆಸ್ಪಿರಿನ್ ವಿಷಯವೂ ಹೀಗೆಯೇ. ಎದೆನೋವಿಗೆ ಆಸ್ಪಿರಿನ್ ಅಗಿಯಲು ಹೇಳುತ್ತಾರೆಂದು ಕೇಳಿ ಲಕ್ವಕ್ಕೂ ಕೊಡುವವರಿದ್ದಾರೆ. ಹೆಪ್ಪಿನ ಪಾರ್ಶ್ವವಾಯುವಿನಲ್ಲಿ ೪೮ ಗಂಟೆಯೊಳಗೆ ಆಸ್ಪಿರಿನ್ ಆರಂಭಿಸಿದರೆ ಸಾವಿರ ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಸಾವು ಅಥವಾ ಇನ್ನೊಂದು ಪಾರ್ಶ್ವವಾಯು ತಪ್ಪುತ್ತದೆಂದು ೧೯೯೭ರಲ್ಲಿ ಪ್ರಕಟವಾದ, ಒಟ್ಟು ೪೦,೦೦೦ದಷ್ಟು ರೋಗಿಗಳ ಎರಡು ಪರೀಕ್ಷೆಗಳಲ್ಲಿ ಕಂಡಿತು. ಲಾಭ ನಿಜ, ಆದರೆ ಅದು ಸ್ಕ್ಯಾನ್ ಆದ ಮೇಲಿನ ಮಾತು. ರಕ್ತ ಸೋರುತ್ತಿರುವವನಿಗೆ ಅದೇ ಮಾತ್ರೆ ಸೋರಿಕೆಯನ್ನು ಹೆಚ್ಚಿಸೀತು. ಅದೂ ಅಲ್ಲದೆ ಲಕ್ವ ಹೊಡೆದವರಿಗೆ ಗಂಟಲು ಸೋತಿರುವುದುಂಟು. ನುಂಗಿಸಿದ ನೀರು, ಹಾಲು, ಮಾತ್ರೆ ಶ್ವಾಸಕೋಶಕ್ಕೆ ಇಳಿದು ಬೇರೆ ಅಪಾಯ ಬರುತ್ತದೆ. ಬಾಯಿಗೆ ಏನೂ ಹಾಕಬಾರದು.

ಖರ್ಚು ತಗ್ಗಿಸುವ ಔಷಧ, ಶಕ್ತಿಯ ಔಷಧ

ಜಮಾ ಹೆಚ್ಚಿಸಲಾಗದಿದ್ದರೆ ಖರ್ಚನ್ನಾದರೂ ತಗ್ಗಿಸೋಣ ಎಂದೂ ವಿಜ್ಞಾನಿಗಳು ಯೋಚಿಸಿದರು. ಬಾರ್ಬಿಟ್ಯುರೇಟ್ ಜಾತಿಯ ಮಂಪರಿನ ಔಷಧಗಳು ಮಿದುಳಿನ ಆಮ್ಲಜನಕದ ಖರ್ಚನ್ನು ಅರ್ಧದಷ್ಟಕ್ಕೆ ಇಳಿಸಬಲ್ಲವು. ಆದರೆ ಹೃದಯ ನಿಂತು ಮತ್ತೆ ಬಡಿದ ರೋಗಿಗಳಿಗೆ ಇಂಥ ಔಷಧವನ್ನು ಕೊಟ್ಟು ನೋಡಿದ ಪರೀಕ್ಷೆಯಲ್ಲಿ, ೧೯೮೬ರಲ್ಲಿ, ಲಾಭ ಕಾಣಲಿಲ್ಲ. ಕೆಲಸ ನಿಲ್ಲಿಸಿದ ಕೋಶದ ಖರ್ಚು ಆಗಲೇ ತಗ್ಗಿರುತ್ತದೆ. ಉಳಿದಿರುವುದು ಜೀವ ಹಿಡಿದುಕೊಳ್ಳುವ ಖರ್ಚು. ಅದನ್ನು ಔಷಧದಿಂದ ಇನ್ನಷ್ಟು ತಗ್ಗಿಸುವುದು ಕಷ್ಟ. ಜ್ವರ ಬಂದರೆ ಖರ್ಚು ಏರುತ್ತದೆ. ಆದ್ದರಿಂದ ಜ್ವರವನ್ನು ಮಾತ್ರ ಆಸ್ಪತ್ರೆಯಲ್ಲಿ ತಪ್ಪದೆ ಇಳಿಸುತ್ತಾರೆ.

ಕೋಶಗಳನ್ನೇ ಕಾಪಾಡುವ ಔಷಧಗಳ ಕಥೆ ಇನ್ನೂ ದೊಡ್ಡದು. ಪ್ರಯೋಗಶಾಲೆಗಳಲ್ಲಿ ಅಲ್ಲಿಯವರೆಗೆ ಪರೀಕ್ಷಿಸಿದ್ದ ಇಂಥ ಚಿಕಿತ್ಸೆಗಳನ್ನು ೨೦೦೬ರಲ್ಲಿ ಆಸ್ಟ್ರೇಲಿಯದವರು ಎಣಿಸಿದರು. ಒಟ್ಟು ೧,೦೨೬ ಇದ್ದವು. ಅವುಗಳಲ್ಲಿ ಮನುಷ್ಯರ ತನಕ ಬಂದವು ೧೧೪. ಇಲಿಯಲ್ಲಿ ಗೆದ್ದ ಔಷಧಗಳು ಒಂದರ ಹಿಂದೆ ಒಂದು ಮನುಷ್ಯನಲ್ಲಿ ಸೋತವು.

ಇದರಲ್ಲಿ ನಮ್ಮ ಜೇಬಿಗೆ ಸಂಬಂಧಿಸಿದ ಮಾತೂ ಉಂಟು. ಸಿಟಿಕೋಲಿನ್ ಎಂಬ ಔಷಧವನ್ನು ನಮ್ಮ ದೇಶದಲ್ಲಿ ಬಹಳವಾಗಿ ಬರೆದುಕೊಡುತ್ತಾರೆ. ೨೦೧೨ರಲ್ಲಿ ಜರ್ಮನಿ, ಸ್ಪೇನ್, ಪೋರ್ಚುಗಲ್ ದೇಶಗಳ ೨,೨೯೮ ರೋಗಿಗಳ ಪರೀಕ್ಷೆ ಮುಗಿದಾಗ, ಅದನ್ನು ತೆಗೆದುಕೊಂಡವರಿಗೂ ಸಪ್ಪೆ ಮಾತ್ರೆ ತೆಗೆದುಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಪಿರಾಸೆಟಮ್ ಎಂಬ ಔಷಧದ ೧೯೯೭ರ ಪರೀಕ್ಷೆಯಲ್ಲಿಯೂ ಒಟ್ಟಾರೆ ಹಾಗೆಯೇ ಆಯಿತು. ಬರೆದುಕೊಟ್ಟ ವೈದ್ಯರೊಡನೆ ಜಗಳವಾಡಿರೆಂದು ನಾವು ಹೇಳುತ್ತಿಲ್ಲ. ಅಯ್ಯಾ, ಇವುಗಳಲ್ಲಿ ಬಿಡಲೇಬಾರದ ಮಾತ್ರೆ ಯಾವುದು, ಹಣವಿದ್ದರೆ ಮಾತ್ರ ಕೊಳ್ಳಬಹುದಾದದ್ದು ಯಾವುದು ಎಂದು ವಿನಯದಿಂದ ಕೇಳಿಕೊಳ್ಳಬಹುದು. ಸಾಲ ಮಾಡಿ ಶಕ್ತಿಯ ಔಷಧ ಕೊಂಡು, ಕೈ ಬರಿದಾದಾಗ ಒತ್ತಡದ ಮಾತ್ರೆಯನ್ನೂ ಆಸ್ಪಿರಿನನ್ನೂ ನಿಲ್ಲಿಸಿದರೆ ಕೆಟ್ಟೆವು. ಊರ ಕಡೆ ಕೆಲವರು ಸೋತ ಕೈಗೆ ಪಾರಿವಾಳದ ರಕ್ತ ಹಚ್ಚಿಸುತ್ತಾರೆ. ರೋಗ ಇರುವುದು ಕೈಯಲ್ಲಲ್ಲ, ತಲೆಯೊಳಗಿನ ನಾಳದಲ್ಲಿ. ಚರ್ಮಕ್ಕೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ.

ಹೆಪ್ಪು ಕರಗಿಸುವ ಔಷಧ

ಹಾಗಾದರೆ ಗೆದ್ದದ್ದು ಯಾವುದು? ದಿಮ್ಮಿಯನ್ನೇ ಎತ್ತಿ ಕಾಲುವೆಯನ್ನು ಬಿಡಿಸುವ ಔಷಧ. ೧೯೪೯ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ, ೧೯೫೦ರಲ್ಲಿ ಇದೇ ಊರಿನ ಜನರಲ್ ಆಸ್ಪತ್ರೆಯಲ್ಲಿ ಡಾ. ಬಿ. ರಾಮಮೂರ್ತಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದಾಗ ತಲೆಯೊಳಗಿನ ಸೋರಿಕೆಯನ್ನು ನೇರವಾಗಿ ನೋಡುವ ಸಾಧನ ಲೋಕದಲ್ಲಿಯೇ ಇರಲಿಲ್ಲ. ೧೯೭೧ರ ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಸಿ.ಟಿ. ಸ್ಕ್ಯಾನ್ ತೆಗೆದರು. ಅದನ್ನು ಕಂಡುಹಿಡಿದ ಹೌನ್ಸ್‌ಫೀಲ್ಡ್ ವೈದ್ಯರಲ್ಲ; ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪೆನಿಯ ಇಂಜಿನಿಯರು. ೧೯೭೯ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹೆಪ್ಪೋ ಸೋರಿಕೆಯೋ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುವಂತಾದ ಮೇಲೆ ದಾರಿ ತೆರೆಯಿತು.

ಟಿ.ಪಿ.ಎ., ಅಥವಾ ಆಲ್ಟಿಪ್ಲೇಸ್, ಎಂಬುದು ಹೆಪ್ಪನ್ನು ಕರಗಿಸುವ ಔಷಧ. ೧೯೯೫ರಲ್ಲಿ ಅಮೆರಿಕದಲ್ಲಿ ೬೨೪ ರೋಗಿಗಳ ಪರೀಕ್ಷೆ ಪ್ರಕಟವಾಯಿತು. ಮೂರು ಗಂಟೆಯೊಳಗೆ ಈ ಔಷಧ ಪಡೆದವರಲ್ಲಿ, ಮೂರು ತಿಂಗಳ ಮೇಲೆ ಅಂಗವೈಕಲ್ಯವಿಲ್ಲದೆ ಅಥವಾ ಅಲ್ಪ ವೈಕಲ್ಯದಿಂದ ಓಡಾಡುವವರ ಪ್ರಮಾಣ ಇತರರಿಗಿಂತ ಕಡಿಮೆಯೆಂದರೂ ನೂರಕ್ಕೆ ಮೂವತ್ತರಷ್ಟು ಹೆಚ್ಚಾಗಿತ್ತು. ೨೦೦೮ರ ಯೂರೋಪಿನ ಪರೀಕ್ಷೆ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಟೆನೆಕ್ಟಿಪ್ಲೇಸ್ ಎಂಬ ಹೊಸ ಔಷಧವನ್ನು ಒಂದು ಗಂಟೆ ಹನಿಸಬೇಕಾಗಿಲ್ಲ, ಒಂದೇ ಸಲ ಚುಚ್ಚಿದರಾಯಿತು. ಅದಕ್ಕೆ ೨೦೨೫ರಲ್ಲಿ ಅಮೆರಿಕದಲ್ಲಿಯೂ ಪಾರ್ಶ್ವವಾಯುವಿಗೆ ಒಪ್ಪಿಗೆ ದೊರೆಯಿತು. ದೊಡ್ಡ ನಾಳ ಮುಚ್ಚಿದ್ದರೆ, ತೊಡೆಯ ಅಥವಾ ಕೈಯ ನಾಳದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಯೂ ೨೦೧೫ರ ಪರೀಕ್ಷೆಗಳಿಂದ ಸ್ಥಿರಪಟ್ಟಿತು. ಆರಿಸಿದ ಕೆಲವರಿಗೆ ಅದನ್ನು ೨೪ ಗಂಟೆಯವರೆಗೂ ಮಾಡಬಹುದೆಂದು ೨೦೧೮ರಲ್ಲಿ ಕಂಡುಬಂತು.

ಈ ಔಷಧಕ್ಕೆ ಅಪಾಯವೂ ಉಂಟು. ೧೯೯೫ರ ಆ ಪರೀಕ್ಷೆಯಲ್ಲಿ ಔಷಧ ಪಡೆದ ನೂರರಲ್ಲಿ ಆರು ಜನರಿಗೆ ಮಿದುಳಿನೊಳಗೆ ರಕ್ತ ಸೋರಿ ಸ್ಥಿತಿ ಕೆಟ್ಟಿತು. ಪಡೆಯದವರಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೂ ಮೂರು ತಿಂಗಳ ಲೆಕ್ಕದಲ್ಲಿ ಔಷಧ ಪಡೆದವರಲ್ಲಿ ಸಾವು ಹೆಚ್ಚಲಿಲ್ಲ, ಗುಣ ಹೆಚ್ಚಿತು. ವೈದ್ಯರು ಸಹಿ ಕೇಳುವಾಗ ಈ ಲೆಕ್ಕ ತಲೆಯಲ್ಲಿದ್ದರೆ ಊರಿಂದ ಅಣ್ಣ ಬರಲಿ, ಮಾವ ಬರಲಿ ಎಂದು ಕಾಯುವ ಪ್ರಸಂಗವಿಲ್ಲ.

ನಾವು ಮಾಡಬೇಕಾದುದು

ಇಷ್ಟನ್ನು ತಿಳಿದ ಮೇಲೆ ಪರಸ್ಥಳದಲ್ಲಿ ದುಡಿಯುವ ನಾವು ನೆನಪಿಡಬೇಕಾದುವು ಕೆಲವೇ.

ಮುಖ, ಕೈ, ಮಾತು, ಗಡಿಯಾರ. ನಗಲು ಹೇಳಿ, ಬಾಯಿ ಓರೆಯಾಗುತ್ತದೆಯೆ ನೋಡಿ. ಎರಡು ಕೈಗಳನ್ನೂ ಎತ್ತಿಸಿ, ಒಂದು ಕೆಳಗೆ ಜಾರುತ್ತದೆಯೆ ನೋಡಿ. ಒಂದು ವಾಕ್ಯ ಹೇಳಿಸಿ. ಇವುಗಳಲ್ಲಿ ಒಂದು ಕೆಟ್ಟಿದ್ದರೂ, ಅಥವಾ ಇದ್ದಕ್ಕಿದ್ದಂತೆ ಕಣ್ಣು ಮಂಜಾಗಿ ನಡಿಗೆ ತಪ್ಪಿದರೂ, ಗಡಿಯಾರ ನೋಡಿ ೧೦೮ಕ್ಕೆ ಫೋನ್ ಮಾಡಿ. ಕನ್ನಡ ತಿಳಿಯದವರು ಎತ್ತಿಕೊಂಡರೆ ಪಕ್ಕವಾದಂ ಎಂಬ ಒಂದು ಮಾತು ಸಾಕು.

ಸಿ.ಟಿ. ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಸೆಂಟ್ರಲ್ ಸ್ಟೇಷನ್ನಿನ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವ ಸ್ಥಳ. ಇ.ಎಸ್.ಐ. ಕಾರ್ಡು, ವಿಮೆಯ ಕಾರ್ಡು ಜೊತೆಯಲ್ಲಿರಲಿ. ಅದನ್ನು ಹುಡುಕುತ್ತ ಮಾತ್ರ ಕೂರಬಾರದು. ಕೋಣೆಯ ಜೊತೆಗಾರನನ್ನು ಊರಿಗೆ ಸಾಗಿಸಿಬಿಡೋಣ, ಮನೆಯವರ ಕೈಗೆ ಒಪ್ಪಿಸಿಬಿಡೋಣ ಎಂಬ ಯೋಚನೆ ನಮ್ಮಲ್ಲಿ ಸಹಜ. ಬೆಂಗಳೂರು ಮೇಲ್ ಹತ್ತಿಸಿದರೂ ಆ ನಾಲ್ಕೂವರೆ ಗಂಟೆ ಗಾಡಿಯಲ್ಲೇ ಕಳೆದುಹೋಗುತ್ತದೆ. ನಿಮ್ಹಾನ್ಸ್ ಎಷ್ಟು ದೊಡ್ಡ ಸಂಸ್ಥೆಯಾದರೂ ಕಳೆದುಹೋದ ಹೊತ್ತನ್ನು ಹಿಂದಕ್ಕೆ ತರಲಾರದು. ಚಿಕಿತ್ಸೆ ಇಲ್ಲ, ಹೊತ್ತು ಇರುವಾಗಲೇ. ಊರು ಆಮೇಲೆ.

ಜೊತೆಗೆ ಹೋಗುವವರು ಮೂರು ಸಂಗತಿ ಹೇಳಬೇಕು. ಒಂದು, ರೋಗಿಯನ್ನು ಕೊನೆಯ ಸಲ ಸರಿಯಾಗಿದ್ದಾಗ ಕಂಡದ್ದು ಯಾವಾಗ. ಗಡುವು ಎಣಿಸುವುದು ಅಲ್ಲಿಂದ, ನಾವು ನೋಡಿದ ಗಳಿಗೆಯಿಂದಲ್ಲ. ಒಂದೇ ಕೋಣೆಯಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎಂದು ಇರುವವರು ಒಬ್ಬರನ್ನೊಬ್ಬರು ಫೋನಿನಲ್ಲಿ ಕೇಳಿ ಇದನ್ನು ಗೊತ್ತುಮಾಡಿಕೊಳ್ಳಬೇಕು. ನಿದ್ರೆಯಿಂದ ಏಳುವಾಗಲೇ ಲಕ್ವ ಕಂಡರೂ ಆಸೆ ಬಿಡಬಾರದು, ಎಂ.ಆರ್.ಐ. ನೋಡಿ ಅಂಥ ಕೆಲವರಿಗೂ ಔಷಧ ಕೊಡಬಹುದೆಂದು ೨೦೧೮ರ ಪರೀಕ್ಷೆಯೊಂದರಿಂದ ತಿಳಿದಿದೆ. ಎರಡು, ರೋಗಿ ದಿನವೂ ತೆಗೆದುಕೊಳ್ಳುವ ಮಾತ್ರೆಗಳು, ಅದರಲ್ಲಿಯೂ ರಕ್ತ ತೆಳುವಾಗಿಸುವ ಮಾತ್ರೆ. ಮಾತ್ರೆಯ ಪಟ್ಟಿಗಳನ್ನೇ ಜೇಬಿನಲ್ಲಿ ಹಾಕಿಕೊಂಡು ಹೋದರೆ ಒಳ್ಳೆಯದು. ಮೂರು, ಅವರ ಮಾತು. ತಮಿಳು ಬಲ್ಲ ವೈದ್ಯರಿಗೆ ಕನ್ನಡಿಗನ ಕನ್ನಡ ತೊದಲುತ್ತಿದೆಯೋ, ಭಾಷೆಯೇ ಹಾಗೋ ತಿಳಿಯುವುದು ಕಷ್ಟ. ಇದು ಇವರ ಎಂದಿನ ಮಾತಲ್ಲ, ಪದ ಸಿಕ್ಕದೆ ತಡಕಾಡುತ್ತಿದ್ದಾರೆ ಎಂದು ಹೇಳಬಲ್ಲವರು ನಾವೇ. ಆದ್ದರಿಂದ ಕನ್ನಡ ಬಲ್ಲ ಒಬ್ಬರು ಆಂಬುಲೆನ್ಸಿನಲ್ಲಿ ಕೂರಲೇಬೇಕು.

ಇವೆಲ್ಲ ಲಕ್ವ ಬಂದ ಮೇಲಿನ ಮಾತು. ಬಾರದಂತೆ ಮಾಡುವ ಉಪಾಯ ಹೊಸದಲ್ಲ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಒತ್ತಡವನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿ. ಉಪ್ಪಿನಕಾಯಿ, ಹಪ್ಪಳ ಮಿತಿಯಲ್ಲಿರಲಿ. ಮಾತ್ರೆ ಹಿಡಿದವರು ಊರ ಹಬ್ಬಕ್ಕೆ ಹೋದಾಗಲೂ ಅದನ್ನು ಮರೆಯಬೇಡಿ.

ಮುಖ, ಕೈ, ಮಾತು, ಗಡಿಯಾರ, ೧೦೮ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಹಾಳೆಯನ್ನು ವಾಚನಾಲಯದ ಫಲಕಕ್ಕೆ ಅಂಟಿಸಿದ್ದೇವೆ. ಪ್ರತಿಗಳು ಮೇಜಿನ ಮೇಲಿವೆ. ಒಂದೊಂದನ್ನು ಕೊಂಡೊಯ್ದು ತಮ್ಮ ಕೋಣೆಯ ಬಾಗಿಲಿಗೆ ಅಂಟಿಸಬೇಕೆಂದೂ, ಓದು ಬಾರದ ಜೊತೆಗಾರರಿಗೆ ಬಾಯಿಮಾತಿನಲ್ಲಿ ತಿಳಿಸಬೇಕೆಂದೂ ಪ್ರಾರ್ಥಿಸುತ್ತೇವೆ.